ನೀರಿಗೊಲಿಯುವ ಅಣುಗಳ ಜಾಡು ಹಿಡಿದು

ಹಸುವಿನ ಹಾಲಿನಲ್ಲಿ ಲೀಟರಿಗೆ ಸುಮಾರು 32 ಗ್ರಾಂ ಪ್ರೋಟೀನ್ ಇರುತ್ತದೆ. ಒಂದು ಲೀಟರ್ ಹಾಲಿಗೆ 150 ಮಿಲಿಲೀಟರ್ ನೀರು ಹೊಯ್ದರೆ ಆ ಲೆಕ್ಕ 28 ಗ್ರಾಮಿಗಿಂತ ಕೆಳಗಿಳಿಯುತ್ತದೆ. ಪ್ರೋಟೀನ್ ಪರೀಕ್ಷೆ ಮಾಡಿದರೆ ಮೋಸ ಅಲ್ಲೇ ಸಿಕ್ಕಿಬೀಳಬೇಕು. ಆದರೆ ಆ ನೀರುಹಾಲಿಗೆ ಒಂದು ಗ್ರಾಮಿಗಿಂತ ತುಸು ಹೆಚ್ಚು ಮೆಲಮೈನ್ ಎಂಬ ಬಿಳಿ ಪುಡಿ ಕರಗಿಸಿಬಿಟ್ಟರೆ, ಅದೇ ಪರೀಕ್ಷೆ ಮತ್ತೆ 32 ಗ್ರಾಂ ಎಂದು ವರದಿ ಕೊಡುತ್ತದೆ. ಮೆಲಮೈನ್ ತಿನ್ನುವ ವಸ್ತುವೇ ಅಲ್ಲ. ಬಿದ್ದರೂ ಒಡೆಯದ ತಟ್ಟೆ, ಮೇಜಿನ ಮೇಲೆ ಅಂಟಿಸುವ ಲ್ಯಾಮಿನೇಟ್ ಹಾಳೆ ಇವುಗಳ ಕಚ್ಚಾ ಸಾಮಗ್ರಿ ಅದು.

2008ರಲ್ಲಿ ಚೀನಾದಲ್ಲಿ ಈ ಲೆಕ್ಕ ಕಾಗದದ ಮೇಲೆ ಉಳಿಯಲಿಲ್ಲ. ಹೆಬೈ ಪ್ರಾಂತ್ಯದ ಶಿಜಿಯಾಜುವಾಂಗ್ ನಗರದ ಸಾನ್ಲು ಕಂಪನಿಯ ಶಿಶು ಹಾಲಿನ ಪುಡಿ ಕುಡಿದ ಮಕ್ಕಳಿಗೆ ಮೂತ್ರಪಿಂಡದಲ್ಲಿ ಕಲ್ಲು ಕಟ್ಟತೊಡಗಿತು. ಹಾಲು ಕುಡಿಯುವ ಕೂಸಿಗೆ ಕಿಡ್ನಿ ಕಲ್ಲು ಬರುವುದು ವೈದ್ಯರಿಗೆ ಅಪರೂಪದ ಸಂಗತಿ. ಸೆಪ್ಟೆಂಬರ್‌ನಲ್ಲಿ ವಿಷಯ ಬಯಲಾದಾಗ ಸರ್ಕಾರ 109 ಕಂಪನಿಗಳ ಪುಡಿಯನ್ನು ಪರೀಕ್ಷೆಗೆ ಹಾಕಿತು. 22 ಕಂಪನಿಗಳ ಮಾಲಿನಲ್ಲಿ ಮೆಲಮೈನ್ ಸಿಕ್ಕಿತು. ಸಾನ್ಲು ಪುಡಿಯಲ್ಲಿ ಕಂಡುಬಂದ ಅತಿ ಹೆಚ್ಚಿನ ಪ್ರಮಾಣ ಕಿಲೋಗೆ 2,563 ಮಿಲಿಗ್ರಾಂ. ಆ ವರ್ಷದ ನವೆಂಬರ್ ಕೊನೆಯ ಹೊತ್ತಿಗೆ ಸುಮಾರು 2,94,000 ಮಕ್ಕಳು ತೊಂದರೆಗೆ ಸಿಕ್ಕಿದ್ದರು, 50,000ಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದ್ದರು. ಆರು ಸಾವುಗಳನ್ನು ಅಧಿಕೃತವಾಗಿ ಒಪ್ಪಲಾಯಿತು. ಸಾನ್ಲು ದಿವಾಳಿಯಾಯಿತು. ಇಬ್ಬರಿಗೆ ಮರಣದಂಡನೆ ಆಯಿತು.

ಕಿಲೋಗೆ 2,563 ಮಿಲಿಗ್ರಾಂ ಎಂದರೆ ಏನು? 2008ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೇರಿಸಿದ ತಜ್ಞರು, ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.2 ಮಿಲಿಗ್ರಾಂವರೆಗೆ ಮೆಲಮೈನನ್ನು ದೇಹ ತಾಳಿಕೊಳ್ಳಬಹುದು ಎಂದರು. ಐದು ಕಿಲೋ ತೂಗುವ ಮಗುವಿಗೆ ಇದು ದಿನಕ್ಕೆ ಒಂದು ಮಿಲಿಗ್ರಾಂ. ಆ ಮಗು ದಿನಕ್ಕೆ 100 ಗ್ರಾಂ ಪುಡಿಯ ಹಾಲು ಕುಡಿದರೆ ಹೊಟ್ಟೆಗೆ ಹೋಗುವುದು 256 ಮಿಲಿಗ್ರಾಂ. ಮೆಲಮೈನ್ ಒಂಟಿಯಾಗಿ ಇದ್ದಾಗ ಅಷ್ಟೊಂದು ಕ್ರೂರಿಯಲ್ಲ. ಆದರೆ ಕೂಸುಗಳ ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚು, ಅದರ ಜೊತೆ ಸೇರಿ ಮೆಲಮೈನ್ ಕರಗದ ಕಲ್ಲಾಗುತ್ತದೆ. ಇದಕ್ಕೆ ಒಂದು ವರ್ಷ ಮೊದಲು, 2007ರ ಮಾರ್ಚ್‌ನಲ್ಲಿ, ಅಮೆರಿಕ ಮತ್ತು ಕೆನಡಾದಲ್ಲಿ ಸಾಕಿದ ಬೆಕ್ಕು ನಾಯಿಗಳು ಕಿಡ್ನಿ ಕೆಟ್ಟು ಸತ್ತಿದ್ದವು. ಅವುಗಳ ಆಹಾರಕ್ಕೆ ಹಾಕಿದ್ದ, ಚೀನಾದಿಂದ ತರಿಸಿದ ಗೋಧಿಯ ಗ್ಲುಟೆನ್‌ನಲ್ಲಿ ಮೆಲಮೈನ್ ಇತ್ತು, ಜೊತೆಗೆ ಅದರ ಹತ್ತಿರದ ನೆಂಟನಾದ ಸಯನ್ಯೂರಿಕ್ ಆಮ್ಲವೂ ಇತ್ತು. ಈ ಎರಡು ಸೇರಿದರೆ ಹರಳು ಕಟ್ಟುವುದು ಇನ್ನೂ ಸಲೀಸು.

ಅಳೆದದ್ದು ಯಾವುದು, ಹೇಳಿದ್ದು ಯಾವುದು?

ಪ್ರೋಟೀನ್ ಪರೀಕ್ಷೆ ಮೋಸಹೋದದ್ದು ಹೇಗೆ? ಉತ್ತರಕ್ಕೆ 1883ರ ಕೋಪನ್‌ಹೇಗನ್‌ಗೆ ಹೋಗಬೇಕು. ಅಲ್ಲಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯವರು ನಡೆಸುತ್ತಿದ್ದ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ ಎಂಬ ರಸಾಯನ ವಿಜ್ಞಾನಿ ಇದ್ದರು. ಬಿಯರಿಗೆ ಬಳಸುವ ಬಾರ್ಲಿಯಲ್ಲಿ ಪ್ರೋಟೀನ್ ಎಷ್ಟಿದೆ ಎಂದು ತಿಳಿಯಬೇಕಿತ್ತು. ಪ್ರೋಟೀನನ್ನು ನೇರವಾಗಿ ಅಳೆಯುವುದು ಕಷ್ಟ. ಆದರೆ ಪಿಷ್ಟ, ಸಕ್ಕರೆ, ಕೊಬ್ಬು ಇವುಗಳಲ್ಲಿ ಇಲ್ಲದ ಸಾರಜನಕ ಪ್ರೋಟೀನಿನಲ್ಲಿದೆ. ಕೆಲ್ಡಾಲ್ ಕಾಳಿನ ಪುಡಿಯನ್ನು ಗಂಧಕಾಮ್ಲದಲ್ಲಿ ಕುದಿಸಿ ಅದರ ಸಾರಜನಕವನ್ನೆಲ್ಲ ಅಮೋನಿಯಾ ಮಾಡಿದರು, ಅಮೋನಿಯಾವನ್ನು ಅಳೆದರು. ಹಾಲಿನ ಪ್ರೋಟೀನಿನಲ್ಲಿ ಸಾರಜನಕ ನೂರಕ್ಕೆ ಸುಮಾರು 15.7 ಭಾಗ. ಆದ್ದರಿಂದ ಸಿಕ್ಕ ಸಾರಜನಕವನ್ನು 6.38ರಿಂದ ಗುಣಿಸಿದರೆ ಪ್ರೋಟೀನ್ ಲೆಕ್ಕ ಸಿಗುತ್ತದೆ. ಅಗ್ಗದ, ನಂಬಿಗಸ್ತ ವಿಧಾನ. ಇವತ್ತಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಅದರ ನಂಬಿಕೆ ನಿಂತಿರುವುದು ಒಂದೇ ಒಂದು ಊಹೆಯ ಮೇಲೆ: ಹಾಲಿನಲ್ಲಿರುವ ಸಾರಜನಕವೆಲ್ಲ ಪ್ರೋಟೀನಿನದೇ. ಮೆಲಮೈನ್ ಅಣುವಿನಲ್ಲಿ ಮೂರು ಕಾರ್ಬನ್, ಆರು ಜಲಜನಕ, ಆರು ಸಾರಜನಕ ಪರಮಾಣುಗಳಿವೆ. ತೂಕದಲ್ಲಿ ಮೂರನೇ ಎರಡು ಭಾಗ ಸಾರಜನಕವೇ. ಒಂದು ಗ್ರಾಂ ಮೆಲಮೈನಿನಲ್ಲಿ 0.67 ಗ್ರಾಂ ಸಾರಜನಕ, ಅದನ್ನು 6.38ರಿಂದ ಗುಣಿಸಿದರೆ ನಾಲ್ಕೂ ಕಾಲು ಗ್ರಾಂ 'ಪ್ರೋಟೀನ್'. ಪರೀಕ್ಷೆ ತನ್ನ ಕೆಲಸವನ್ನು ಚೊಕ್ಕವಾಗಿಯೇ ಮಾಡಿತು. ಅದು ಸಾರಜನಕವನ್ನು ಅಳೆಯಿತು, ನಾವು ಅದನ್ನು ಪ್ರೋಟೀನ್ ಎಂದು ಓದಿಕೊಂಡೆವು.

ಈ ಮೋಸಕ್ಕೆ ಮದ್ದು ಒಂದೇ. ಮೆಲಮೈನನ್ನು ಮೆಲಮೈನ್ ಎಂದೇ ಗುರುತಿಸಬೇಕು, ಅದೂ ಹಾಲಿನ ಸಾವಿರಾರು ಬೇರೆ ವಸ್ತುಗಳ ಸಂತೆಯ ನಡುವೆ. ಆ ಕೆಲಸಕ್ಕೆ ಆಹಾರ ವಿಜ್ಞಾನಿಗಳು ಮೊದಲು ಕೈ ಚಾಚಿದ್ದು ತಮ್ಮ ಹಳೆಯ, ಪಳಗಿದ ಸಾಧನದ ಕಡೆಗೆ. ಅದು ಇಲ್ಲಿ ಕೈಕೊಟ್ಟಿತು.

ನಿಲ್ಲದೆ ಜಾರಿಹೋಗುವ ಅಣು

ಆ ಸಾಧನ ಕ್ರೊಮ್ಯಾಟೋಗ್ರಫಿ. ರಷ್ಯನ್ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ 20ನೇ ಶತಮಾನದ ಮೊದಲ ವರ್ಷಗಳಲ್ಲಿ ವಾರ್ಸಾದಲ್ಲಿ ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಗೆ ಎಲೆಯ ರಸ ಹೊಯ್ದು, ಹಸಿರು, ಹಳದಿ ಬಣ್ಣಗಳು ಬೇರೆ ಬೇರೆ ಪಟ್ಟಿಗಳಾಗಿ ಇಳಿಯುವುದನ್ನು ತೋರಿಸಿದ್ದರು. ತತ್ವ ಇಂದಿಗೂ ಅದೇ. ಕೊಳವೆಯೊಳಗೆ ಕದಲದೆ ಕೂತ ಒಂದು ವಸ್ತು, ಅದರ ನಡುವೆ ಹರಿದುಹೋಗುವ ಒಂದು ದ್ರಾವಕ. ಕೂತ ವಸ್ತುವಿಗೆ ಹೆಚ್ಚು ಅಂಟುವ ಅಣು ತಡವಾಗಿ ಹೊರಬರುತ್ತದೆ, ಅಂಟದ ಅಣು ಬೇಗ ಬರುತ್ತದೆ.

ಇಂದಿನ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆಯ ಜಾಗದಲ್ಲಿ ಉಕ್ಕಿನ ಕಾಲಂ ಇದೆ. ಅದರೊಳಗೆ ಮಿಲಿಮೀಟರಿನ ಸಾವಿರದಲ್ಲೊಂದೆರಡು ಭಾಗದಿಂದ ಐದು ಭಾಗದಷ್ಟು ಗಾತ್ರದ ಸಿಲಿಕಾ ಕಣಗಳನ್ನು ಒತ್ತಿ ತುಂಬಿರುತ್ತಾರೆ. ಪಂಪು ದ್ರಾವಕವನ್ನು ಭಾರೀ ಒತ್ತಡದಲ್ಲಿ ಅದರೊಳಗೆ ನುಗ್ಗಿಸುತ್ತದೆ. 1970ರ ದಶಕದಿಂದ ಈಚೆಗೆ ಈ ಸಿಲಿಕಾ ಕಣಗಳ ಮೇಲೆ 18 ಕಾರ್ಬನ್‌ಗಳ ಉದ್ದನೆಯ ಸರಪಳಿಗಳನ್ನು ಬೆಸೆಯುವುದು ರೂಢಿಯಾಯಿತು. ಪ್ರಯೋಗಾಲಯದ ಮಾತಿನಲ್ಲಿ ಇದು 'ಸಿ-18 ಕಾಲಂ'. ಇದರ ಮೈ ಜಿಡ್ಡಿನ ಸ್ವಭಾವದ್ದು. ಕೀಟನಾಶಕ, ಔಷಧಿ, ಅಫ್ಲಾಟಾಕ್ಸಿನ್‌ನಂಥ ಬೂಷ್ಟಿನ ವಿಷ, ಕೊಬ್ಬಿನಲ್ಲಿ ಕರಗುವ ವಿಟಮಿನ್, ಹೀಗೆ ಜಿಡ್ಡಿಗೊಲಿಯುವ ಅಣುಗಳೆಲ್ಲ ಇದರ ಮೇಲೆ ತಂಗುತ್ತ, ಒಂದೊಂದೂ ತನ್ನ ಹೊತ್ತಿಗೆ ಹೊರಬರುತ್ತವೆ. ಜಗತ್ತಿನ ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಕಾಲಂ ಇದೇ.

ಮೆಲಮೈನ್ ಆ ಜಾತಿಗೆ ಸೇರಿದ್ದಲ್ಲ. ಅದರ ಮೈತುಂಬ ಸಾರಜನಕ, ಸುತ್ತ ಮೂರು ಅಮೈನೊ ಗುಂಪುಗಳು. ನೀರಿನ ಅಣುಗಳ ಜೊತೆ ಕೈ ಹಿಡಿಯಲು ಅದಕ್ಕೆ ಎಲ್ಲ ಕಡೆಯೂ ಕೈಗಳಿವೆ. ಸಿ-18 ಕಾಲಮ್ಮಿನ ಮೇಲೆ ಅದು ಕೆಸುವಿನೆಲೆಯ ಮೇಲಿನ ನೀರಿನ ಹನಿಯಂತೆ ಎಲ್ಲೂ ನಿಲ್ಲದೆ ಉರುಳಿಹೋಗುತ್ತದೆ. ಹದಿನೈದು ಸೆಂಟಿಮೀಟರ್ ಉದ್ದ, ಎರಡು ಮಿಲಿಮೀಟರ್ ಒಳವ್ಯಾಸದ ಕಾಲಮ್ಮಿನ ಒಳಜಾಗ ಅರ್ಧ ಮಿಲಿಲೀಟರ್ ಇದ್ದರೆ ಹೆಚ್ಚು. ನಿಮಿಷಕ್ಕೆ 0.4 ಮಿಲಿಲೀಟರ್ ದ್ರಾವಕ ಹರಿದರೆ, ಅಂಟದ ಅಣುಗಳೆಲ್ಲ ಒಂದು ನಿಮಿಷ ತುಂಬುವ ಮೊದಲೇ ಹೊರಗೆ ಬಂದುಬಿಡುತ್ತವೆ.

ಹಾಗೆ ಬರುವಾಗ ಮೆಲಮೈನ್ ಒಂಟಿಯಾಗಿ ಬರುವುದಿಲ್ಲ. ಹಾಲಿನ ಲವಣಗಳು, ಲ್ಯಾಕ್ಟೋಸ್, ಯೂರಿಯಾ, ಅಮೈನೊ ಆಮ್ಲಗಳು ಎಲ್ಲವೂ ಅದೇ ನಿಮಿಷದಲ್ಲಿ ಗುಂಪಾಗಿ ನುಗ್ಗುತ್ತವೆ. ಕಾಲಮ್ಮಿನ ತುದಿಯಲ್ಲಿ ಕೂತ ಮಾಸ್ ಸ್ಪೆಕ್ಟ್ರೋಮೀಟರ್ ಅಣುಗಳಿಗೆ ವಿದ್ಯುದಂಶ ಕೊಟ್ಟು ತೂಗುವ ಯಂತ್ರ. ಒಂದೇ ಸಲಕ್ಕೆ ಇಷ್ಟೊಂದು ಲವಣ ಬಂದರೆ ನಮಗೆ ಬೇಕಾದ ಅಣುವಿಗೆ ಸಿಗಬೇಕಾದ ವಿದ್ಯುದಂಶವೇ ಸಿಗುವುದಿಲ್ಲ, ಅದು ಯಂತ್ರಕ್ಕೆ ಕಾಣುವುದೇ ಇಲ್ಲ. ಇದನ್ನು ದಾಟಲು ಮೂರು ದಾರಿಗಳಿದ್ದವು. ಮೊದಲನೆಯದು, ಅಣುವಿಗೆ ಸಿಲಿಕಾನಿನ ಗುಂಪುಗಳನ್ನು ಅಂಟಿಸಿ ಆವಿಯಾಗುವಂತೆ ಮಾಡಿ ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ ಹಾಕುವುದು. 2007ರಲ್ಲಿ ಸಾಕುಪ್ರಾಣಿಗಳ ಆಹಾರ ಪರೀಕ್ಷಿಸಿದ್ದು ಹೀಗೇ. ಎರಡನೆಯದು, ಸಿ-18 ಮೇಲೆಯೇ ನಿಲ್ಲಿಸಲು ಸಾಬೂನಿನಂಥ ಜೋಡಿ ರಾಸಾಯನಿಕವನ್ನು ದ್ರಾವಕಕ್ಕೆ ಬೆರೆಸುವುದು. ಇದು ಮಾಸ್ ಸ್ಪೆಕ್ಟ್ರೋಮೀಟರಿನ ಒಳಗೆ ಕೊಳೆ ಕಟ್ಟಿಸುತ್ತದೆ. ಮೂರನೆಯದು, ಕಾಲಮ್ಮಿನ ಸ್ವಭಾವವನ್ನೇ ತಿರುವಿ ಹಾಕುವುದು.

ಕಾಣದ ನೀರಿನ ಪೊರೆ

ಈ ಮೂರನೇ ದಾರಿಯ ಹೆಸರು ಹೈಡ್ರೋಫಿಲಿಕ್ ಇಂಟರ್‌ಆ್ಯಕ್ಷನ್ ಕ್ರೊಮ್ಯಾಟೋಗ್ರಫಿ. ಬಳಸುವವರು ಚಿಕ್ಕದಾಗಿ 'ಹಿಲಿಕ್' ಎನ್ನುತ್ತಾರೆ. ಇದರಲ್ಲಿ ಜಿಡ್ಡಿನ ಸರಪಳಿಗಳಿಲ್ಲ. ಬರಿಯ ಸಿಲಿಕಾ ಇರಬಹುದು, ಅಥವಾ ಅದರ ಮೇಲೆ ಅಮೈಡ್ ಗುಂಪುಗಳೋ, ಧನ ಮತ್ತು ಋಣ ವಿದ್ಯುದಂಶ ಎರಡನ್ನೂ ಹೊತ್ತ ಗುಂಪುಗಳೋ ಇರಬಹುದು. ಏನೇ ಇದ್ದರೂ ಮೈ ನೀರಿಗೊಲಿಯುವಂಥದ್ದು. ಹರಿಯುವ ದ್ರಾವಕದಲ್ಲಿ ಮಾತ್ರ ನೀರು ತೀರ ಕಡಿಮೆ. ನೂರಕ್ಕೆ ಎಂಬತ್ತರಿಂದ ತೊಂಬತ್ತೈದು ಪಾಲು ಅಸಿಟೋನೈಟ್ರೈಲ್, ಉಳಿದದ್ದು ನೀರು, ಅದರಲ್ಲಿ ತುಸು ಅಮೋನಿಯಂ ಫಾರ್ಮೇಟ್ ಅಥವಾ ಅಸಿಟೇಟ್.

ಅಸಿಟೋನೈಟ್ರೈಲ್ ಮತ್ತು ನೀರು ಒಂದಕ್ಕೊಂದು ಪೂರ್ತಿ ಬೆರೆಯುವ ದ್ರವಗಳು, ಎಣ್ಣೆ–ನೀರಿನ ಹಾಗೆ ಬೇರೆ ನಿಲ್ಲುವುದಿಲ್ಲ. ಆದರೂ ಕಾಲಮ್ಮಿನೊಳಗೆ ನೀರಿನ ಅಣುಗಳು ಸಿಲಿಕಾದ ಮೈಯನ್ನು ಹುಡುಕಿಕೊಂಡು ಹೋಗಿ ಅಲ್ಲಿ ನೆರೆಯುತ್ತವೆ. ಕಣದ ಮೈಗೆ ನೀರು ಹೆಚ್ಚಿರುವ ಒಂದು ಪೊರೆ ಕಟ್ಟುತ್ತದೆ. ಅದರ ದಪ್ಪ ಮೀಟರಿನ ನೂರು ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ ಅಳೆಯುವಷ್ಟು ತೆಳು. ಪೊರೆಗೂ ಹೊರಗಿನ ಹರಿವಿಗೂ ನಡುವೆ ಗೆರೆ ಎಳೆದಂಥ ಗಡಿಯಿಲ್ಲ. ಹರಿದುಬಂದ ಮೆಲಮೈನಿಗೆ ಅಸಿಟೋನೈಟ್ರೈಲ್ ಅಷ್ಟಾಗಿ ಹಿಡಿಸುವುದಿಲ್ಲ, ಅದು ನೀರಿನ ಪೊರೆಗೆ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಹೊರಬರುತ್ತದೆ, ಮತ್ತೆ ಇಳಿಯುತ್ತದೆ. ಇದರ ಜೊತೆಗೆ ಕಣದ ಮೈಯ ವಿದ್ಯುದಂಶದ ಸೆಳೆತವೂ ಜಲಜನಕ ಬಂಧವೂ ಸೇರುತ್ತವೆ. ಸಿ-18ರಲ್ಲಿ ಒಂದು ನಿಮಿಷವೂ ನಿಲ್ಲದ ಅಣು ಇಲ್ಲಿ ಹಲವು ನಿಮಿಷ ತಡೆಯುತ್ತದೆ. ಅಷ್ಟರಲ್ಲಿ ಹಾಲಿನ ಜಿಡ್ಡಿಗೊಲಿಯುವ ಅಣುಗಳು ಮೊದಲೇ ಹೊರಟುಹೋಗಿರುತ್ತವೆ. ಸಾಲು ತಲೆಕೆಳಗಾಯಿತು: ಅಲ್ಲಿ ಕೊನೆಗೆ ಬರುತ್ತಿದ್ದವು ಇಲ್ಲಿ ಮೊದಲು.

ಈ ಹೆಸರನ್ನು 1990ರಲ್ಲಿ ಚಲಾವಣೆಗೆ ತಂದವರು ಅಮೆರಿಕದ ಆ್ಯಂಡ್ರೂ ಆಲ್ಪರ್ಟ್. ಆದರೆ ಬೇರು ಇನ್ನೂ ಹಳೆಯದು. 1941ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಉಣ್ಣೆ ಉದ್ಯಮದ ಸಂಶೋಧನಾ ಸಂಸ್ಥೆಯಲ್ಲಿದ್ದ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್, ಉಣ್ಣೆಯ ಪ್ರೋಟೀನಿನಲ್ಲಿರುವ ಅಮೈನೊ ಆಮ್ಲಗಳನ್ನು ಬೇರ್ಪಡಿಸಲು ಸಿಲಿಕಾ ಜೆಲ್‌ಗೆ ನೀರು ಕುಡಿಸಿ ಅದರ ಮೇಲೆ ಕ್ಲೋರೊಫಾರ್ಮ್ ಹರಿಸಿದ್ದರು. ಕದಲದ ನೀರು, ಹರಿಯುವ ಸಾವಯವ ದ್ರಾವಕ: ಹಿಲಿಕ್‌ನ ಮೂಲ ಕಲ್ಪನೆ ಇಲ್ಲೇ ಇದೆ. 1952ರ ರಸಾಯನಶಾಸ್ತ್ರದ ನೊಬೆಲ್ ಇಬ್ಬರಿಗೂ ಸಂದಿತು. 1970ರ ದಶಕದಲ್ಲಿ ಅಮೈನೊ ಗುಂಪು ಬೆಸೆದ ಕಾಲಮ್ಮಿನಲ್ಲಿ ಅಸಿಟೋನೈಟ್ರೈಲ್ ಮತ್ತು ನೀರು ಹರಿಸಿ ಸಕ್ಕರೆಗಳನ್ನು ಬೇರ್ಪಡಿಸುವವರೂ ಇದ್ದರು. ಈ ಎಲ್ಲ ಬಿಡಿ ಅನುಭವಗಳಿಗೆ ಒಂದು ವಿವರಣೆ, ಒಂದು ಹೆಸರು ಕೊಟ್ಟದ್ದು ಆಲ್ಪರ್ಟ್. ವಿಧಾನ ಹತ್ತು ಹದಿನೈದು ವರ್ಷ ಕೆಲವೇ ಪರಿಣತರ ಕೈಯಲ್ಲಿ ಉಳಿದಿತ್ತು. ಹಾಲಿನ ಹಗರಣ ಅದನ್ನು ದಿನನಿತ್ಯದ ಆಹಾರ ಪರೀಕ್ಷೆಗೆ ಎಳೆದು ತಂದಿತು.

ಮೇಜಿನ ಮೇಲೆ

ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿಗಳು 2008ರ ಅಕ್ಟೋಬರ್‌ನಲ್ಲಿ ಹೊರತಂದ ವಿಧಾನವನ್ನೇ ಹಂತಹಂತವಾಗಿ ನೋಡೋಣ. ಒಂದೆರಡು ಗ್ರಾಂ ಹಾಲಿನ ಪುಡಿಯನ್ನು ನಳಿಕೆಗೆ ಹಾಕಿ, ಎರಡೂವರೆ ಶೇಕಡಾ ಫಾರ್ಮಿಕ್ ಆಮ್ಲ ಹೊಯ್ದು ಚೆನ್ನಾಗಿ ಅಲುಗಿಸುತ್ತಾರೆ. ಆಮ್ಲ ತಗುಲಿ ಹಾಲು ಒಡೆಯುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ ಪ್ರೋಟೀನ್ ತಳಕ್ಕೆ ಹೋಗಿ ಗಟ್ಟಿಯಾಗಿ ಕೂರುತ್ತದೆ, ಕೊಬ್ಬು ಮೇಲೆ ತೇಲುತ್ತದೆ, ನಡುವೆ ತಿಳಿ ಉಳಿಯುತ್ತದೆ. ಮೆಲಮೈನ್ ಇದ್ದರೆ ಆ ತಿಳಿಯಲ್ಲಿದೆ.

ಈ ತಿಳಿಯನ್ನು ಹಾಗೇ ಕಾಲಮ್ಮಿಗೆ ಬಿಡುವಂತಿಲ್ಲ. ಅದು ಪೂರ್ತಿ ನೀರು, ಹಿಲಿಕ್‌ನಲ್ಲಿ ಅಣುಗಳನ್ನು ಹೊರಗೆ ತಳ್ಳುವ ಬಲ ಇರುವುದು ನೀರಿಗೇ. ನೀರಿನ ಮಾದರಿ ಒಳಹೊಕ್ಕರೆ ಮೆಲಮೈನ್ ಆ ನೀರಿನ ಜೊತೆಯೇ ಮುಂದಕ್ಕೆ ಕೊಚ್ಚಿಹೋಗುತ್ತದೆ. ಅಣು ಹೊರಬಂದದ್ದನ್ನು ತೋರಿಸುವ ರೇಖೆಯಲ್ಲಿ ಚೂಪಾಗಿ ಏಳಬೇಕಾದ ಶಿಖರ, ಅಂದರೆ ಪೀಕ್, ಅಗಲವಾಗಿ ಚಪ್ಪಟೆಯಾಗುತ್ತದೆ, ಕೆಲವೊಮ್ಮೆ ಎರಡು ಹೋಳಾಗುತ್ತದೆ. ಸಿ-18ರಲ್ಲಿ ಪಳಗಿದ ಕೈಗಳು ಹಿಲಿಕ್‌ಗೆ ಬಂದಾಗ ಮೊದಲು ಎಡವುವುದು ಇಲ್ಲೇ. ಅದಕ್ಕಾಗಿ ತಿಳಿಯ ಒಂದು ಪಾಲಿಗೆ ಹಲವು ಪಾಲು ಅಸಿಟೋನೈಟ್ರೈಲ್ ಬೆರೆಸುತ್ತಾರೆ. ಅದರಲ್ಲೂ ಉಳಿದಿದ್ದ ಪ್ರೋಟೀನ್ ಇನ್ನಷ್ಟು ಗರಣೆಗಟ್ಟಿ ಹೊರಬೀಳುತ್ತದೆ. ಮತ್ತೆ ತಿರುಗಿಸಿ, ಸೋಸಿ, ಸಣ್ಣ ಗಾಜಿನ ವಯಲ್‌ಗೆ ತುಂಬುತ್ತಾರೆ.

ಇದಕ್ಕೆ ಮೊದಲೇ ಇನ್ನೊಂದು ಕೆಲಸ ಆಗಿರುತ್ತದೆ. ಭಾರದ ಐಸೋಟೋಪುಗಳಿಂದ ತಯಾರಿಸಿದ ಮೆಲಮೈನನ್ನು ಗೊತ್ತಾದ ಪ್ರಮಾಣದಲ್ಲಿ ಮಾದರಿಗೆ ಸೇರಿಸಿರುತ್ತಾರೆ. ಸ್ವಭಾವದಲ್ಲಿ ಅದು ಸಾಮಾನ್ಯ ಮೆಲಮೈನೇ, ಅದೇ ಹೊತ್ತಿಗೆ ಹೊರಬರುತ್ತದೆ, ತೂಕ ಮಾತ್ರ ತುಸು ಹೆಚ್ಚು. ದಾರಿಯಲ್ಲಿ ಮಾದರಿ ಎಲ್ಲಾದರೂ ನಷ್ಟವಾದರೆ, ಲವಣಗಳಿಂದ ಸಂಕೇತ ಕುಗ್ಗಿದರೆ, ಎರಡಕ್ಕೂ ಒಂದೇ ಅನುಪಾತದಲ್ಲಿ ಪೆಟ್ಟು ಬೀಳುತ್ತದೆ. ಎರಡರ ಅನುಪಾತ ನೋಡಿ ನಿಜವಾದ ಪ್ರಮಾಣ ಲೆಕ್ಕ ಹಾಕುತ್ತಾರೆ.

ಕಾಲಂ ದಾಟಿ ಬಂದ ಮೆಲಮೈನ್ ಮಾಸ್ ಸ್ಪೆಕ್ಟ್ರೋಮೀಟರಿನ ಬಾಗಿಲಲ್ಲಿ ಒಂದು ಪ್ರೋಟಾನ್ ಪಡೆದುಕೊಳ್ಳುತ್ತದೆ. ಅಣುವಿನ ತೂಕ 126, ಪ್ರೋಟಾನ್ ಸೇರಿ 127. ಯಂತ್ರ 127 ತೂಗುವವನ್ನು ಮಾತ್ರ ಒಳಗೆ ಬಿಟ್ಟು, ಅವನ್ನು ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿ ಒಡೆಯುತ್ತದೆ. 42 ತೂಕದ ಸಯನಮೈಡ್ ಕಳಚಿಕೊಂಡು 85ರ ತುಣುಕು ಉಳಿಯುತ್ತದೆ, ಅದರಿಂದ ಅಮೋನಿಯಾ ಹೋದರೆ 68. ಸರಿಯಾದ ನಿಮಿಷಕ್ಕೆ ಬರಬೇಕು, 127 ತೂಗಬೇಕು, 85 ಮತ್ತು 68ರ ತುಣುಕುಗಳು ಶುದ್ಧ ಮೆಲಮೈನಿನಲ್ಲಿ ಕಾಣುವ ಅನುಪಾತದಲ್ಲೇ ಕಾಣಬೇಕು. ಈ ಮೂರೂ ಕೂಡಿಬಂದರೆ ಮಾತ್ರ 'ಇದು ಮೆಲಮೈನ್' ಎಂದು ಸಹಿ ಬೀಳುತ್ತದೆ. ಸಯನ್ಯೂರಿಕ್ ಆಮ್ಲಕ್ಕೆ ಇದರ ವಿರುದ್ಧ ದಾರಿ. ಅದು ಪ್ರೋಟಾನ್ ಕಳೆದುಕೊಂಡು 128 ಆಗುತ್ತದೆ, ಒಡೆದಾಗ 42ರ ತುಣುಕು ಕೊಡುತ್ತದೆ. ಹಿಲಿಕ್‌ನ ದ್ರಾವಕದಲ್ಲಿ ಅಸಿಟೋನೈಟ್ರೈಲ್ ಹೆಚ್ಚಿರುವುದು ಇಲ್ಲಿ ದೊಡ್ಡ ಉಪಕಾರ. ಅದು ನೀರಿಗಿಂತ ಸುಲಭವಾಗಿ ಆವಿಯಾಗುತ್ತದೆ, ಆದ್ದರಿಂದ ಅಣುಗಳು ಹನಿಗಳಿಂದ ಬಿಡಿಸಿಕೊಂಡು ಯಂತ್ರದೊಳಗೆ ಹೋಗುವುದು ಸಲೀಸು. ಆ ವಿಧಾನದಲ್ಲಿ ಕಿಲೋಗೆ ಕಾಲು ಮಿಲಿಗ್ರಾಂ ಮೆಲಮೈನನ್ನೂ ನೆಚ್ಚಿಕೆಯಿಂದ ಅಳೆಯಬಹುದಿತ್ತು. ಸಾನ್ಲು ಪುಡಿಯಲ್ಲಿ ಸಿಕ್ಕಿದ್ದು ಅದರ ಹತ್ತು ಸಾವಿರ ಪಟ್ಟು.

ಅಳೆಯುವ ದಾರಿ ಸಿಕ್ಕ ಮೇಲೆ ಮಿತಿ ಹಾಕಲು ಸಾಧ್ಯವಾಯಿತು. 2010ರಲ್ಲಿ ಅಂತಾರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್, ಶಿಶು ಹಾಲಿನ ಪುಡಿಗೆ ಕಿಲೋಗೆ ಒಂದು ಮಿಲಿಗ್ರಾಂ, ಬೇರೆ ಆಹಾರಗಳಿಗೆ ಎರಡೂವರೆ ಮಿಲಿಗ್ರಾಂ ಮಿತಿ ಗೊತ್ತುಮಾಡಿತು. ಸೊನ್ನೆ ಎಂದು ಬರೆಯದಿರಲು ಕಾರಣವಿದೆ. ಮೆಲಮೈನ್ ಪಾತ್ರೆಗಳಿಂದ, ಪ್ಯಾಕಿಂಗಿನಿಂದ ಅತ್ಯಲ್ಪ ಪ್ರಮಾಣ ಆಹಾರಕ್ಕೆ ಇಳಿಯುತ್ತದೆ. ಬೇಕೆಂದೇ ಬೆರೆಸಿದ್ದಕ್ಕೂ ತಾನಾಗಿ ಇಳಿದದ್ದಕ್ಕೂ ಇರುವ ವ್ಯತ್ಯಾಸವನ್ನು ಈ ಅಂಕಿ ಹಿಡಿದುಕೊಡುತ್ತದೆ.

ಹಿಲಿಕ್‌ನ ಹಟಗಳು

ಇಷ್ಟೆಲ್ಲ ಹೊಗಳಿದ ಮೇಲೆ ಅದರ ತಕರಾರುಗಳನ್ನೂ ಹೇಳಬೇಕು. ಕಣಗಳ ಮೇಲಿನ ನೀರಿನ ಪೊರೆ ಕಟ್ಟಿಕೊಳ್ಳಲು ಹೊತ್ತು ಬೇಕು. ದ್ರಾವಕ ಬದಲಾಯಿಸಿದರೆ ಕಾಲಂ ಮತ್ತೆ ಹದಕ್ಕೆ ಬರುವವರೆಗೆ ಕಾಯಬೇಕು, ಕಾಯದೆ ಮುಂದಿನ ಮಾದರಿ ಬಿಟ್ಟರೆ ಪೀಕ್‌ಗಳು ಜಾಗ ಬದಲಿಸುತ್ತವೆ. ದ್ರಾವಕದಲ್ಲಿ ನೀರು ಒಂದೆರಡು ಶೇಕಡಾ ಹೆಚ್ಚುಕಮ್ಮಿಯಾದರೂ ಹೀಗೇ. ಸಕ್ಕರೆಗಳದು ಇನ್ನೊಂದು ಬಗೆಯ ಕಾಟ. ಗ್ಲೂಕೋಸ್ ಅಣು ನೀರಿನಲ್ಲಿ ಎರಡು ರೂಪಗಳ ನಡುವೆ ಅದಲುಬದಲಾಗುತ್ತಿರುತ್ತದೆ. ಕಾಲಂ ಆ ಎರಡನ್ನೂ ಬೇರ್ಪಡಿಸಲು ಹೋಗಿ ಒಂದೇ ಸಕ್ಕರೆಗೆ ಎರಡು ಪೀಕ್ ತೋರಿಸುತ್ತದೆ. ಕಾಲಮ್ಮಿನ ಬಿಸಿ ಏರಿಸಿಯೋ ದ್ರಾವಕವನ್ನು ತುಸು ಕ್ಷಾರೀಯ ಮಾಡಿಯೋ ಅದಲುಬದಲಿನ ವೇಗ ಹೆಚ್ಚಿಸಿದರೆ ಎರಡೂ ಒಂದಾಗುತ್ತವೆ.

ಅಸಿಟೋನೈಟ್ರೈಲ್ ಅಗ್ಗದ್ದಲ್ಲ, ಅದನ್ನು ಅದಕ್ಕೆಂದೇ ತಯಾರಿಸುವವರೂ ಕಡಿಮೆ. ಅಕ್ರಿಲಿಕ್ ನೂಲು ಮತ್ತು ಕಾರಿನ ಪ್ಲಾಸ್ಟಿಕ್ ಭಾಗಗಳಿಗೆ ಬೇಕಾದ ಅಕ್ರಿಲೋನೈಟ್ರೈಲ್ ತಯಾರಿಸುವಾಗ ಉಪ ಉತ್ಪನ್ನವಾಗಿ ಸಿಗುವುದು ಇದು. 2008ರ ಕೊನೆಯಲ್ಲಿ ಆರ್ಥಿಕ ಹಿಂಜರಿತದಿಂದ ಕಾರುಗಳ ಬೇಡಿಕೆ ಕುಸಿಯಿತು, ಬೀಜಿಂಗ್ ಒಲಿಂಪಿಕ್ಸ್‌ಗಾಗಿ ಚೀನಾದಲ್ಲಿ ಕಾರ್ಖಾನೆಗಳು ಬಾಗಿಲು ಹಾಕಿದ್ದವು, ಐಕ್ ಚಂಡಮಾರುತ ಅಮೆರಿಕದ ಟೆಕ್ಸಾಸ್ ತೀರಕ್ಕೆ ಅಪ್ಪಳಿಸಿತು. ಜಗತ್ತಿನಾದ್ಯಂತ ಅಸಿಟೋನೈಟ್ರೈಲ್‌ಗೆ ಬರ ಬಂತು, ಬೆಲೆ ಗಗನಕ್ಕೇರಿತು. ಮೆಲಮೈನ್ ಹುಡುಕಲು ಆ ದ್ರಾವಕ ಅತಿ ಹೆಚ್ಚು ಬೇಕಾಗಿದ್ದ ತಿಂಗಳುಗಳೂ ಅವೇ.

ಹಾಲಿನಿಂದಾಚೆಗೆ

ಆಹಾರದಲ್ಲಿ ನೀರಿಗೊಲಿಯುವ ಅಣುಗಳು ಲೆಕ್ಕವಿಲ್ಲದಷ್ಟು. ಸಕ್ಕರೆಗಳು, ಅಮೈನೊ ಆಮ್ಲಗಳು, ಬಿ ಗುಂಪಿನ ವಿಟಮಿನ್‌ಗಳು, ಚಹಾದ ಥಿಯಾನಿನ್, ಶಿಶು ಆಹಾರಕ್ಕೆ ಸೇರಿಸುವ ಕೋಲಿನ್, ಕೆಟ್ಟ ಮೀನಿನಲ್ಲಿ ಹುಟ್ಟುವ ಹಿಸ್ಟಮೈನ್, ಕಳೆನಾಶಕ ಗ್ಲೈಫೋಸೇಟ್ ಎಲ್ಲವೂ ಈ ಬಳಗಕ್ಕೆ ಸೇರಿದವು. ಹಸುವಿನ ಕೆಚ್ಚಲು ಬಾವಿಗೆ ಕೊಡುವ ಕೆಲವು ಔಷಧಿಗಳೂ ಅಷ್ಟೆ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್ ಮೈತುಂಬ ನೀರಿಗೊಲಿಯುವ ಗುಂಪುಗಳನ್ನು ಹೊತ್ತ ಆ್ಯಂಟಿಬಯೋಟಿಕ್‌ಗಳು, ಸಿ-18 ಕಾಲಮ್ಮಿಗೆ ಇವೂ ಸಿಗುವುದಿಲ್ಲ.

ಈ ಬಳಗದಲ್ಲಿ ಎರಡರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲನೆಯದು ಅಕ್ರಿಲಮೈಡ್. 1997ರಲ್ಲಿ ಸ್ವೀಡನ್ನಿನ ಹಾಲ್ಲಂಡ್ಸೋಸ್ ಬೆಟ್ಟದಲ್ಲಿ ರೈಲು ಸುರಂಗ ಕೊರೆಯುವಾಗ ಬಿರುಕು ಮುಚ್ಚಲು ಬಳಸಿದ ರಾಸಾಯನಿಕದಿಂದ ಅಕ್ರಿಲಮೈಡ್ ನೀರಿಗೆ ಸೋರಿ ಮೀನು, ಹಸುಗಳು ವಿಷಕ್ಕೆ ತುತ್ತಾದವು. ಸುರಂಗದ ಕಾರ್ಮಿಕರ ರಕ್ತವನ್ನು ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷಿಸಿದರು. ಹೋಲಿಕೆಗೆಂದು ತೆಗೆದುಕೊಂಡ, ಸುರಂಗದ ಹತ್ತಿರವೂ ಸುಳಿಯದ ಜನರ ರಕ್ತದಲ್ಲೂ ಅಕ್ರಿಲಮೈಡಿನ ಗುರುತು ಸಿಕ್ಕಿತು. ಅದು ಬಂದಿದ್ದು ಊಟದಿಂದ. 2002ರ ಏಪ್ರಿಲ್‌ನಲ್ಲಿ ಸುದ್ದಿ ಹೊರಬಿತ್ತು: ಆಲೂಗಡ್ಡೆ ಚಿಪ್ಸ್, ಬ್ರೆಡ್ಡಿನಂಥ ಪಿಷ್ಟದ ತಿನಿಸುಗಳನ್ನು 120 ಡಿಗ್ರಿಗಿಂತ ಹೆಚ್ಚು ಶಾಖದಲ್ಲಿ ಕರಿದಾಗ, ಸುಟ್ಟಾಗ ಆಸ್ಪರಜಿನ್ ಎಂಬ ಅಮೈನೊ ಆಮ್ಲ ಮತ್ತು ಸಕ್ಕರೆ ಸೇರಿ ಅಕ್ರಿಲಮೈಡ್ ಹುಟ್ಟುತ್ತದೆ. ಅಕ್ರಿಲಮೈಡ್, ಆಸ್ಪರಜಿನ್, ಗ್ಲೂಕೋಸ್ ಮೂರೂ ನೀರಿಗೊಲಿಯುವವು. ಯಾವ ತಳಿಯ ಆಲೂಗಡ್ಡೆಯಲ್ಲಿ ಈ ಕಚ್ಚಾವಸ್ತುಗಳು ಕಡಿಮೆ ಎಂದು ಕರಿಯುವ ಮೊದಲೇ ತಿಳಿದರೆ ಅರ್ಧ ಸಮಸ್ಯೆ ಬಗೆಹರಿದಂತೆ. ಹಿಲಿಕ್ ಅಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಎರಡನೆಯದು ನಮ್ಮ ಕರಾವಳಿಗೆ ತಾಗಿದ್ದು. ಸಮುದ್ರದ ಕೆಲವು ಸೂಕ್ಷ್ಮ ಪಾಚಿಗಳು ಸಾಕ್ಸಿಟಾಕ್ಸಿನ್ ಎಂಬ ವಿಷ ತಯಾರಿಸುತ್ತವೆ. ಚಿಪ್ಪುಮೀನುಗಳು ಆ ಪಾಚಿ ತಿಂದು ವಿಷವನ್ನು ಮೈಯಲ್ಲಿ ತುಂಬಿಕೊಳ್ಳುತ್ತವೆ. ತಿಂದ ಮನುಷ್ಯನಿಗೆ ಮೊದಲು ತುಟಿ ಜುಮ್ಮೆನ್ನುತ್ತದೆ, ಹೆಚ್ಚಾದರೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಬೇಯಿಸಿದರೂ ವಿಷ ಹೋಗುವುದಿಲ್ಲ. 1983ರಲ್ಲಿ ಮಂಗಳೂರಿನ ಬಳಿ ಇಂಥ ವಿಷಬಾಧೆ ಕಾಣಿಸಿಕೊಂಡಿತು. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ವಿಜ್ಞಾನಿಗಳು ಅದನ್ನು 1984ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ಆಗ ಜಗತ್ತಿನಾದ್ಯಂತ ಈ ವಿಷ ಅಳೆಯಲು ಇದ್ದ ರೂಢಿಯ ವಿಧಾನ ಇಲಿ. ಚಿಪ್ಪುಮೀನಿನ ಸಾರವನ್ನು ಇಪ್ಪತ್ತು ಗ್ರಾಂ ತೂಕದ ಇಲಿಗೆ ಚುಚ್ಚಿ, ಅದು ಎಷ್ಟು ನಿಮಿಷಕ್ಕೆ ಸಾಯುತ್ತದೆ ಎಂದು ಗಡಿಯಾರ ಹಿಡಿದು ನೋಡುತ್ತಿದ್ದರು. ಸಾಕ್ಸಿಟಾಕ್ಸಿನ್ ಧನ ವಿದ್ಯುದಂಶ ಹೊತ್ತ, ನೀರು ಬಿಟ್ಟು ಬೇರೆಡೆ ನಿಲ್ಲದ ಅಣು. ಅದರ ಬಳಗದ ವಿಷಗಳನ್ನು ಒಂದೇ ಓಟದಲ್ಲಿ ಬೇರ್ಪಡಿಸಿ ತೂಗುವ ಹಿಲಿಕ್ ವಿಧಾನವನ್ನು ಕೆನಡಾದ ವಿಜ್ಞಾನಿಗಳು ಸಂಗಡಿಗರೊಡನೆ 2005ರಲ್ಲಿ ಪ್ರಕಟಿಸಿದರು. ಇಲಿಯ ಸಾವು ಒಟ್ಟು ವಿಷ ಎಷ್ಟು ಎಂದಷ್ಟೇ ಹೇಳುತ್ತಿತ್ತು, ಹಿಲಿಕ್ ಯಾವ ವಿಷ ಎಷ್ಟಿದೆ ಎಂದು ಹೇಳಿತು.

ನಮ್ಮ ಡೇರಿಯಲ್ಲಿ

ಭಾರತ 2008ರ ಸೆಪ್ಟೆಂಬರ್‌ನಲ್ಲೇ ಚೀನಾದ ಹಾಲಿನ ಉತ್ಪನ್ನಗಳ ಆಮದು ನಿಲ್ಲಿಸಿತು. ನಿಷೇಧ ಮತ್ತೆ ಮತ್ತೆ ಮುಂದುವರಿಯಿತು. ಬಂದರುಗಳ ಪ್ರಯೋಗಾಲಯಗಳಿಗೆ ಮೆಲಮೈನ್ ಪರೀಕ್ಷಿಸುವ ಸಾಮರ್ಥ್ಯ ಬರುವವರೆಗೆ ಅದು ಇರಲಿ ಎಂದು 2019ರಲ್ಲಿ ಸರ್ಕಾರ ಹೇಳಿತು.

ನಮ್ಮಲ್ಲಿ ಹಾಲಿಗೆ ಬೆರೆಸುವವರ ಕೈಗೆ ಸಿಗುವುದು ಯೂರಿಯಾ. ಡೇರಿಗೆ ಹಾಲು ಹಾಕುವವರಿಗೆ ದುಡ್ಡು ಸಿಗುವುದು ಫ್ಯಾಟ್ ಮತ್ತು ಅದನ್ನು ಬಿಟ್ಟು ಉಳಿದ ಘನಾಂಶ, ಅಂದರೆ ಎಸ್‌ಎನ್‌ಎಫ್ ನೋಡಿ. ಯೂರಿಯಾ ಕರಗಿಸಿದರೆ ನೀರು ಬೆರೆತ ಹಾಲಿನ ಎಸ್‌ಎನ್‌ಎಫ್ ಮೇಲೇಳುತ್ತದೆ, ಸಾರಜನಕದ ಲೆಕ್ಕವೂ ಏರುತ್ತದೆ. ಹಾಲಿನಲ್ಲಿ ಯೂರಿಯಾ ಸಹಜವಾಗಿಯೂ ಸ್ವಲ್ಪ ಇರುವುದರಿಂದ ಕಾನೂನು ಹತ್ತು ಲಕ್ಷಕ್ಕೆ 700 ಭಾಗದವರೆಗೆ ಒಪ್ಪುತ್ತದೆ. ಯೂರಿಯಾ ಪತ್ತೆಗೆ ದೊಡ್ಡ ಯಂತ್ರ ಬೇಕಿಲ್ಲ, ಒಂದು ರಾಸಾಯನಿಕ ಹಾಕಿದರೆ ಹಾಲು ಗಾಢ ಹಳದಿಯಾಗುತ್ತದೆ. ಬೆದರುವಷ್ಟು ಪರಿಸ್ಥಿತಿ ಕೆಟ್ಟಿಲ್ಲ ಎನ್ನುವುದೂ ನಿಜ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಪರೀಕ್ಷಿಸಿದ 6,432 ಹಾಲಿನ ಮಾದರಿಗಳಲ್ಲಿ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಮಿತಿ ಮೀರಿದ ಆ್ಯಂಟಿಬಯೋಟಿಕ್ ಸಿಕ್ಕಿದ್ದು 77ರಲ್ಲಿ. ಯೂರಿಯಾ ಪತ್ತೆಗೆ ಬಳಸುವ ಬಣ್ಣದ ಪರೀಕ್ಷೆ ಎರಡನೇ ಅಂಕಿಯನ್ನು ಹಿಡಿಯಲಾರದು. ಅಲ್ಲಿ ಕಾಲಮ್ಮೂ ಮಾಸ್ ಸ್ಪೆಕ್ಟ್ರೋಮೀಟರೂ ಬೇಕು. ಪರೀಕ್ಷೆಯ ವರದಿಯನ್ನು ಪ್ರಶ್ನಿಸಿ ಮೇಲ್ಮನವಿ ಹೋದ ಮಾದರಿಗಳು ಹೋಗುವ ರೆಫರಲ್ ಪ್ರಯೋಗಾಲಯಗಳಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ಒಂದು.

ಸಾನ್ಲು ಹಾಲು ಪ್ರೋಟೀನ್ ಪರೀಕ್ಷೆಯಲ್ಲಿ ಪಾಸಾಗಿತ್ತು. ಸಿ-18 ಕಾಲಮ್ಮೊಂದನ್ನೇ ನಂಬಿದ್ದರೆ ಮೆಲಮೈನ್ ಅಲ್ಲೂ ಜಾರಿಹೋಗುತ್ತಿತ್ತು. ಪ್ರತಿಯೊಂದು ವಿಧಾನಕ್ಕೂ ತಾನು ಕಾಣಲಾರದ ಅಣುಗಳಿವೆ, ಹಿಲಿಕ್‌ಗೂ ಇವೆ. ಜಿಡ್ಡಿಗೊಲಿಯುವ ಅಫ್ಲಾಟಾಕ್ಸಿನ್ ಹುಡುಕಲು ಹಿಲಿಕ್ ಬಳಸುವುದು ದಡ್ಡತನ. ಆದ್ದರಿಂದ ಯಾವುದಾದರೂ ಆಹಾರದ ಪರೀಕ್ಷಾ ವರದಿ ನಿಮ್ಮ ಕೈಗೆ ಬಂದಾಗ 'ಪತ್ತೆಯಾಗಿಲ್ಲ' ಎಂಬ ಸಾಲು ಓದಿ ಅಲ್ಲಿಗೇ ಮಡಚಿಡಬೇಡಿ. ಯಾವ ವಸ್ತುವನ್ನು ಹುಡುಕಿದರು, ಯಾವ ವಿಧಾನದಲ್ಲಿ, ಎಷ್ಟು ಕಡಿಮೆ ಪ್ರಮಾಣದವರೆಗೆ ಆ ವಿಧಾನ ಅಳೆಯಬಲ್ಲದು, ಈ ಮೂರೂ ವರದಿಯಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಕೇಳಿ. ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿದವರಿಗೆ ಅದನ್ನು ಕೇಳುವ ಹಕ್ಕಿದೆ.